ಸಿಂಹದ ಬೇಟೆಗೆ ಇಪ್ಪತ್ತೊಂದು ದಿನ

ಸಫಾರಿ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಬನ್ನೇರುಘಟ್ಟದ ಜಾಲರಿ ಕಿಟಕಿಯ ಬಸ್ಸು. ಜಾಲರಿಗೆ ಮೂಗು ಒತ್ತಿ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಸಿಂಹ, ಹುಲಿ, ಕರಡಿಗಳ ದರ್ಶನ ಮುಗಿದು, ಹೊರಗೆ ಬಂದು ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿನ್ನಬಹುದು. ಈ ಪದದ ತವರು ಪೂರ್ವ ಆಫ್ರಿಕ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ, ಅಷ್ಟೇ. ಮದುವೆಗೆಂದು ಪಕ್ಕದ ಊರಿಗೆ ಬಸ್ಸು ಹತ್ತಿದರೂ ಅದು ಸಫಾರಿಯೇ. ಅದಕ್ಕೆ ಬೇಟೆಯ ವಾಸನೆ ಅಂಟಿಕೊಂಡದ್ದು ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ, ಯುರೋಪು ಮತ್ತು ಅಮೆರಿಕದ ಸಿರಿವಂತರು ಕೋವಿ ಹಿಡಿದು ಆ ಬಯಲುಗಳಿಗೆ ಇಳಿದಾಗ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿ ಎಂಬುದು ಅಜ್ಜಂದಿರ ಕಥೆಗಳಿಗೆ ಸೇರಿಹೋಯಿತು. ಆದರೆ ತಾಂಜಾನಿಯದಲ್ಲಿ ಇಂದಿಗೂ ಸರ್ಕಾರದ ಪರವಾನಗಿ ಪಡೆದು ಕಾಡಿನ ಸಿಂಹವನ್ನು ಬೇಟೆಯಾಡಬಹುದು. ಆಫ್ರಿಕದಲ್ಲಿ ಅತಿ ಹೆಚ್ಚು ಸಿಂಹಗಳಿರುವುದೂ ಅದೇ ದೇಶದಲ್ಲಿ! ಇದೆಂಥ ವಿಚಿತ್ರ ಎಂದು ಕೇಳುವವರು, ಮೊದಲ ಬಾರಿಗೆ ಸಿಂಹದ ಬೇಟೆಗೆ ಹೊರಟವನೊಬ್ಬ ಮಾಡಿಕೊಳ್ಳಬೇಕಾದ ಸಿದ್ಧತೆಯ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ನಮಗೆ ಕೋವಿ ಹಿಡಿಯುವ ಆಸೆ ಇಲ್ಲದಿದ್ದರೂ ಸರಿಯೇ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಕಾಡಿನಲ್ಲಿ ಸಿಂಹ ಇರುತ್ತದೆಯೇ ಎಂಬ ಪ್ರಶ್ನೆ ಆ ಪಟ್ಟಿಯೊಳಗೇ ಅಡಗಿ ಕುಳಿತಿದೆ.

ಉಪ್ಪು ನಾಲ್ಕು ಟನ್, ಪುಸ್ತಕ ಅರವತ್ತು

ಹಿಂದಿನವರ ಪಟ್ಟಿ ಹೇಗಿತ್ತು ಎಂಬುದಕ್ಕೆ ಒಂದು ಹೆಸರಾಂತ ಉದಾಹರಣೆ ಇದೆ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್, ಅದೇ ತಿಂಗಳು, 1909ರ ಮಾರ್ಚಿನಲ್ಲಿ, ಆಫ್ರಿಕಕ್ಕೆ ಹಡಗು ಹತ್ತಿದರು. ಜೊತೆಗೆ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಹತ್ತೊಂಬತ್ತರ ಮಗ ಕೆರ್ಮಿಟ್. ಏಪ್ರಿಲಿನಲ್ಲಿ ಮೊಂಬಾಸ ಬಂದರಿನಲ್ಲಿ ಇಳಿದು, ರೈಲಿನಲ್ಲಿ ಕಪಿಟಿ ಬಯಲಿನ ನಿಲ್ದಾಣ ತಲುಪಿದಾಗ ಅಲ್ಲಿ ಕೂಲಿಯಾಳುಗಳ ದೊಡ್ಡ ದಂಡೇ ಕಾದು ನಿಂತಿತ್ತು. ಸಾಮಾನಿನಲ್ಲಿ ತೊಗಲು ಕೆಡದಂತೆ ಹದ ಮಾಡಲು ನಾಲ್ಕು ಟನ್ ಉಪ್ಪು. ಬಿಡುವಿನಲ್ಲಿ ಓದಲು ಅರವತ್ತರಷ್ಟು ಪುಸ್ತಕ. ಬೆವರು, ಎಣ್ಣೆ, ರಕ್ತ ತಾಗಿದರೂ ಹಾಳಾಗದಿರಲೆಂದು ಅವಕ್ಕೆ ಹಂದಿಯ ಚರ್ಮದ ರಟ್ಟು!

ತಂದೆ ಮಗ ಸೇರಿ ಉರುಳಿಸಿದ ಪ್ರಾಣಿಗಳು 512. ಅವುಗಳಲ್ಲಿ ಸಿಂಹಗಳು 17. ತಂಡ ಕಳಿಸಿದ ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಾಣಿ ಮಾದರಿಗಳು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿದವು. ಅದು ವಿಜ್ಞಾನದ ಹೆಸರಿನ ಯಾತ್ರೆ. ಕಾಡು ಎಂದೂ ಬರಿದಾಗದ ಕಣಜ ಎಂದು ಜನ ನಂಬಿದ್ದ ಕಾಲ.

ಅವರು ಪ್ರಯಾಣ ಮಾಡಿದ ಆ ರೈಲುದಾರಿಯನ್ನು ಹಾಕಿದವರು ಬಹುಪಾಲು ಭಾರತದಿಂದ ಹೋದ ಕಾರ್ಮಿಕರು. 1898ರಲ್ಲಿ ತ್ಸಾವೋ ನದಿಗೆ ಸೇತುವೆ ಕಟ್ಟುವಾಗ ಎರಡು ಗಂಡು ಸಿಂಹಗಳು ಡೇರೆಗಳಿಗೆ ನುಗ್ಗಿ ಅವರನ್ನು ಹೊತ್ತೊಯ್ಯತೊಡಗಿದವು. ಸತ್ತವರು 135 ಎಂದು ಒಂದು ಲೆಕ್ಕ ಪ್ರಚಾರದಲ್ಲಿತ್ತು. ಆ ಸಿಂಹಗಳ ಮೂಳೆ, ಕೂದಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ ಸುಮಾರು 35 ಎಂದು ಅಂದಾಜು ಮಾಡಿದರು. ಎಂಜಿನಿಯರ್ ಪ್ಯಾಟರ್ಸನ್ ಆ ವರ್ಷದ ಡಿಸೆಂಬರಿನಲ್ಲಿ ಎರಡನ್ನೂ ಹೊಡೆದರು. ಇಂದು ಅವು ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಂತಿವೆ. ಸಿಂಹವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವರು ಮರೆಯಬಾರದ ಸಂಗತಿ ಇದು.

ಆ ಕೀನ್ಯ ದೇಶ 1977ರಲ್ಲಿ ಬೇಟೆಯನ್ನು ಪೂರ್ತಿ ನಿಷೇಧಿಸಿತು. ನೆರೆಯ ತಾಂಜಾನಿಯ 1973ರಲ್ಲಿ ನಿಷೇಧಿಸಿ, 1978ರಲ್ಲಿ ಮತ್ತೆ ಬಾಗಿಲು ತೆರೆಯಿತು. ಹಾಗಾಗಿ ಇಂದಿನ ಬೇಟೆಗಾರನ ದಾರಿ ತಾಂಜಾನಿಯದ ಅರುಷಾ ಊರಿನತ್ತ.

ಅರುಷಾದ ದುಕಾನುಗಳು

4,566 ಮೀಟರ್ ಎತ್ತರದ ಮೇರು ಪರ್ವತದ ಬುಡದಲ್ಲಿರುವ ಊರು ಅರುಷಾ. ಹೌದು, ಹೆಸರು ಮೇರುವೇ. ನಮ್ಮ ಪುರಾಣದ ಮೇರುವಿಗೂ ಅದಕ್ಕೂ ಸಂಬಂಧವಿಲ್ಲ. ಆಕಾಶ ತಿಳಿಯಾಗಿದ್ದರೆ ಪೂರ್ವಕ್ಕೆ ಕಿಲಿಮಂಜಾರೋದ ಹಿಮದ ನೆತ್ತಿ ಕಾಣುತ್ತದೆ. ಊರಿನ ನಡುವೆ ಗಡಿಯಾರದ ಕಂಬ, ಸುತ್ತ ಕಾಫಿ ತೋಟಗಳು. ಚಿಕ್ಕಮಗಳೂರಿನವರಿಗೆ ಅಲ್ಲಿ ಹೊಸತನ ಅನ್ನಿಸಲಾರದು.

ಭಾಷೆಯೂ ಅಷ್ಟೇ. ಅಂಗಡಿಗೆ ಅಲ್ಲಿ ‘ದುಕಾ’ ಎನ್ನುತ್ತಾರೆ; ನಮ್ಮ ದುಕಾನು. ಮೋಟಾರಿಗೆ ‘ಗಾರಿ’, ನಮ್ಮ ಗಾಡಿ. ಕೋವಿಗೆ ‘ಬುಂದುಕಿ’, ಸರ್ಕಾರಕ್ಕೆ ‘ಸೆರಿಕಾಲಿ’. ಚಹಕ್ಕೆ ‘ಚಾಯ್’, ಜೊತೆಗೆ ಚಪಾತಿಗೆ ‘ಚಪಾತಿ’ಯೇ. ಅರಬ್ಬಿ, ಪಾರಸಿ ಪದಗಳು ಹಾಯಿಹಡಗುಗಳಲ್ಲಿ ಎರಡೂ ದಡಕ್ಕೆ ಬಂದದ್ದರ ಫಲ ಇದು. ಕೆಲವು ಪದಗಳನ್ನು ನಮ್ಮ ನಾಡಿನ ವರ್ತಕರು, ಕೂಲಿಕಾರರೇ ಹೊತ್ತೊಯ್ದರು. ಸಿಂಹಕ್ಕೆ ‘ಸಿಂಬಾ’ ಎನ್ನುವುದು ಮಾತ್ರ ಕಾಕತಾಳೀಯ. ಅದು ಬಂಟು ಭಾಷೆಗಳ ಸ್ವಂತ ಪದ.

ಗಡಿಯಾರದ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. ಸ್ವಾಹಿಲಿ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಬೆಳಿಗ್ಗೆ ಎರಡು ಗಂಟೆಗೆ ಹೊರಡೋಣ ಎಂದರೆ ಎಂಟಕ್ಕೆ ಎಂದರ್ಥ. ಇನ್ನೊಂದು ಮಾತು: 2019ರ ಜೂನ್‌ನಿಂದ ಆ ದೇಶಕ್ಕೆ ಪ್ಲಾಸ್ಟಿಕ್ ಕೈಚೀಲ ಒಯ್ಯುವಂತಿಲ್ಲ. ಸಾಮಾನು ಕಟ್ಟುವಾಗಲೇ ನೆನಪಿರಲಿ.

ಕಾಡು ಕಾಯುವ ನೊಣ

ಬೇಟೆಗಾರ ಮೊದಲು ತೀರ್ಮಾನಿಸಬೇಕಾದ್ದು ಎಲ್ಲಿಗೆ, ಯಾವಾಗ ಎಂಬುದನ್ನು. ಸೆರೆಂಗೆಟಿಯಂತಹ ರಾಷ್ಟ್ರೀಯ ಉದ್ಯಾನಗಳಲ್ಲಿ ಕ್ಯಾಮೆರಾ ಬಿಟ್ಟು ಬೇರೇನೂ ಎತ್ತುವಂತಿಲ್ಲ. ಬೇಟೆಗೆಂದೇ ಗುರುತಿಸಿದ ಪ್ರದೇಶಗಳು ಬೇರೆ ಇವೆ. ಅವಕ್ಕೆ ಬ್ಲಾಕ್ ಎನ್ನುತ್ತಾರೆ. ಒಂದೊಂದನ್ನೂ ಒಂದು ಕಂಪನಿ ಸರ್ಕಾರದಿಂದ ಗುತ್ತಿಗೆ ಹಿಡಿದಿರುತ್ತದೆ. ರುಂಗ್ವಾ, ಮೊಯೊವೊಸಿ, ಸೆಲೂಸ್ ಇವೆಲ್ಲ ಬೇಟೆಗಾರರ ಬಾಯಲ್ಲಿ ಓಡಾಡುವ ಹೆಸರುಗಳು.

ಸೆಲೂಸ್ ಎಂಬುದು ಒಬ್ಬ ಇಂಗ್ಲಿಷ್ ಬೇಟೆಗಾರನ ಹೆಸರು. ಮೊದಲನೆಯ ಮಹಾಯುದ್ಧದಲ್ಲಿ, 1917ರ ಜನವರಿಯಲ್ಲಿ, ಜರ್ಮನ್ ಸೈನಿಕನ ಗುಂಡಿಗೆ ಬಲಿಯಾಗಿ ಆತ ಅದೇ ಕಾಡಿನಲ್ಲಿ ಮಣ್ಣಾದ. ಅವನ ಹೆಸರು ಹೊತ್ತ ಅಭಯಾರಣ್ಯದ ವಿಸ್ತಾರ ಸುಮಾರು 50,000 ಚದರ ಕಿಲೋಮೀಟರ್. ಹೆಚ್ಚೂ ಕಡಿಮೆ ಕರ್ನಾಟಕದ ಕಾಲು ಭಾಗ! 2019ರಲ್ಲಿ ಅದರ ಉತ್ತರದ ದೊಡ್ಡ ಭಾಗವನ್ನು ಬೇರ್ಪಡಿಸಿ, ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರ ಹೆಸರಿನ ರಾಷ್ಟ್ರೀಯ ಉದ್ಯಾನ ಮಾಡಿದರು. ಅಲ್ಲೀಗ ಕೋವಿಗೆ ಜಾಗವಿಲ್ಲ.

ಇಷ್ಟು ದೊಡ್ಡ ಕಾಡುಗಳು ಉಳಿದದ್ದು ಹೇಗೆ? ಅದರ ಕೀರ್ತಿಯಲ್ಲಿ ದೊಡ್ಡ ಪಾಲು ಒಂದು ನೊಣಕ್ಕೆ ಸಲ್ಲಬೇಕು. ತ್ಸೆತ್ಸೆ ಎಂಬ ಈ ನೊಣ ಕಚ್ಚಿದರೆ ದನಗಳಿಗೆ ನಗಾನಾ ಎಂಬ ರೋಗ, ಮನುಷ್ಯರಿಗೆ ನಿದ್ರಾರೋಗ. ದನ ಉಳಿಯದ ಕಡೆ ಜನ ಊರು ಕಟ್ಟಲಿಲ್ಲ. ಊರಿಲ್ಲದ ಕಡೆ ಕಾಡು ಉಳಿಯಿತು. ಈ ನೊಣಕ್ಕೆ ನೀಲಿ ಮತ್ತು ಕಪ್ಪು ಬಣ್ಣ ಕಂಡರೆ ಬಲು ಪ್ರೀತಿ. ಅದನ್ನು ಹಿಡಿಯಲು ಕಟ್ಟುವ ಬಲೆಗಳೂ ನೀಲಿ ಕಪ್ಪು ಬಟ್ಟೆಯವೇ. ಆದ್ದರಿಂದ ಸಫಾರಿಗೆ ಹೊರಟವರು, ಕೋವಿಯವರಿರಲಿ ಕ್ಯಾಮೆರಾದವರಿರಲಿ, ನೀಲಿ ಜೀನ್ಸ್ ಮನೆಯಲ್ಲೇ ಬಿಟ್ಟು ಖಾಕಿ ಉಡುವುದು ಲೇಸು.

ಕಾಲ ಯಾವುದು? ಮಾರ್ಚಿಯಿಂದ ಮೇವರೆಗೆ ದೊಡ್ಡ ಮಳೆ; ದಾರಿಗಳೆಲ್ಲ ಕೆಸರು. ಜುಲೈ ಹೊತ್ತಿಗೆ ಹುಲ್ಲು ಒಣಗಿ, ಪ್ರಾಣಿಗಳು ಉಳಿದ ನೀರಿನ ಗುಂಡಿಗಳ ಸುತ್ತ ಸೇರುತ್ತವೆ. ಅವುಗಳ ಹಿಂದೆ ಸಿಂಹ, ಅದರ ಹಿಂದೆ ಬೇಟೆಗಾರ.

ಕೋವಿಗಿಂತ ಕಾಯುವುದೇ ಹೆಚ್ಚು

ಪರವಾನಗಿ ಸಿಕ್ಕಿತೆಂದು ಒಬ್ಬನೇ ಕಾಡಿಗೆ ನುಗ್ಗುವಂತಿಲ್ಲ. ಸರ್ಕಾರದ ಮಾನ್ಯತೆ ಪಡೆದ ವೃತ್ತಿ ಬೇಟೆಗಾರನೊಬ್ಬ ಜೊತೆಗಿರಲೇಬೇಕು. ಸರ್ಕಾರದ ಕಾವಲುಗಾರನೊಬ್ಬ ಬರುತ್ತಾನೆ. ಹೆಜ್ಜೆ ಗುರುತು ಹಿಡಿಯುವವರು, ತೊಗಲು ಸುಲಿಯುವವರು, ಅಡುಗೆಯವರು ಹೀಗೆ ಹತ್ತಾರು ಜನ. ಸಿಂಹಕ್ಕೆ ಬಳಸುವ ರೈಫಲ್ .375 ಕ್ಯಾಲಿಬರಿಗಿಂತ ಕಡಿಮೆ ಇರಬಾರದು. ಕೆರಳಿದ ಸಿಂಹ ನೂರು ಮೀಟರ್ ದೂರವನ್ನು ಐದಾರು ಸೆಕೆಂಡಿನಲ್ಲಿ ದಾಟಿ ಬರುತ್ತದೆ. ಎರಡನೆಯ ಗುಂಡಿಗೆ ಸಮಯ ಸಿಗುತ್ತದೆಂಬ ಖಾತ್ರಿ ಇಲ್ಲ. ಗಾಯಗೊಂಡ ಸಿಂಹವನ್ನು ಹಾಗೇ ಬಿಟ್ಟು ಬರುವುದಂತೂ ಆ ವೃತ್ತಿಯಲ್ಲಿ ಮಹಾಪರಾಧ. ಪೊದೆಯೊಳಗೆ ನುಗ್ಗಿ ಅದನ್ನು ಹುಡುಕಲೇಬೇಕು.

ಸಿಂಹದ ಪರವಾನಗಿಗೆ ಕನಿಷ್ಠ ಇಪ್ಪತ್ತೊಂದು ದಿನಗಳ ಸಫಾರಿಯನ್ನು ಕಾಯ್ದಿರಿಸಬೇಕು. ಒಟ್ಟು ಖರ್ಚು ಸಾಮಾನ್ಯವಾಗಿ ಐವತ್ತು ಸಾವಿರ ಡಾಲರಿಗೂ ಮೇಲೆ. ಇಷ್ಟು ಕೊಟ್ಟರೂ ಸಿಂಹ ಸಿಗುತ್ತದೆಂಬ ಭರವಸೆಯನ್ನು ಯಾವ ಪ್ರಾಮಾಣಿಕ ಕಂಪನಿಯೂ ಕೊಡುವುದಿಲ್ಲ.

ಇಪ್ಪತ್ತೊಂದು ದಿನಗಳಲ್ಲಿ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ. ಹೊಡೆದ ಜೀಬ್ರಾ ಅಥವಾ ಕಾಡೆಮ್ಮೆಯ ಮಾಂಸವನ್ನು, ಕತ್ತೆಕಿರುಬಕ್ಕೆ ಎಟುಕದಷ್ಟು ಎತ್ತರಕ್ಕೆ, ಮರಕ್ಕೆ ಕಟ್ಟುತ್ತಾರೆ. ದಿನವೂ ಬೆಳಿಗ್ಗೆ ಹೋಗಿ ಹೆಜ್ಜೆ ಬಿದ್ದಿದೆಯೇ ನೋಡುವುದು. ಗಂಡಿನ ದೊಡ್ಡ ಹೆಜ್ಜೆ ಬಿದ್ದಿದ್ದರೆ ಸ್ವಲ್ಪ ದೂರದಲ್ಲಿ ಹುಲ್ಲಿನ ಮರೆ ಕಟ್ಟಿ, ಕತ್ತಲಿರುವಾಗಲೇ ಬಂದು, ಕೆಮ್ಮದೆ ಸೀನದೆ ಕೂರುವುದು. ಬೆಳಕು ಹರಿದಾಗ ಸಿಂಹ ಎದುರಿಗೆ ನಿಂತಿದ್ದರೂ ಕೂಡಲೇ ಗುಂಡು ಹಾರಿಸುವಂತಿಲ್ಲ. ಮೊದಲು ಕೋವಿ ಬದಿಗಿಟ್ಟು ದುರ್ಬೀನು ಎತ್ತಬೇಕು. ನೋಡಬೇಕಾದ್ದು ಸಿಂಹದ ಮೂಗು!

ಮೂಗು ಹೇಳುವ ವಯಸ್ಸು

ಮರಿ ಸಿಂಹದ ಮೂಗು ಗುಲಾಬಿ. ವಯಸ್ಸಾದಂತೆ ಅದರ ಮೇಲೆ ಕಪ್ಪು ಚುಕ್ಕೆಗಳು ಮೂಡಿ ಹರಡುತ್ತವೆ. ಅರ್ಧಕ್ಕಿಂತ ಹೆಚ್ಚು ಕಪ್ಪಾಗಿದ್ದರೆ ಸಿಂಹಕ್ಕೆ ಐದಾರು ವರ್ಷ ದಾಟಿರಬಹುದು. ಕೇಸರವನ್ನು ಮಾತ್ರ ನಂಬುವಂತಿಲ್ಲ. ತಂಪು ಪ್ರದೇಶದಲ್ಲಿ ಅದು ದಟ್ಟವಾಗಿ ಬೆಳೆದರೆ, ಬಿಸಿಲ ನಾಡಾದ ತ್ಸಾವೋದಲ್ಲಿ ಮುದಿ ಸಿಂಹಕ್ಕೂ ನಾಲ್ಕು ಕೂದಲು.

ವಯಸ್ಸಿಗೇಕೆ ಇಷ್ಟು ಮಹತ್ವ? ಸಿಂಹದ ಸಂಸಾರದ ರೀತಿಯೇ ಅದಕ್ಕೆ ಕಾರಣ. ಹೆಣ್ಣುಗಳ ಗುಂಪೊಂದನ್ನು ಗಂಡುಗಳು ಎರಡು ಮೂರು ವರ್ಷ ಕಾಯುತ್ತವೆ. ಆ ಗಂಡು ಸತ್ತರೆ ಹೊಸ ಗಂಡುಗಳು ನುಗ್ಗುತ್ತವೆ. ಬಂದವು ಮೊದಲು ಮಾಡುವ ಕೆಲಸ ಹಳೆಯ ಗಂಡಿನ ಎಳೆ ಮರಿಗಳನ್ನು ಕೊಲ್ಲುವುದು. ಮರಿ ಕಳೆದುಕೊಂಡ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತಾಳೆ. ಅಂದರೆ ನಾಲ್ಕು ವರ್ಷದ ತಂದೆಗೆ ತಗಲಿದ ಒಂದು ಗುಂಡು, ಒಂದು ತಲೆಮಾರಿನ ಮರಿಗಳನ್ನೇ ಬಲಿ ತೆಗೆದುಕೊಳ್ಳಬಹುದು. ಅದೇ ಆರು ದಾಟಿದ ಗಂಡಾದರೆ ಅದರ ಮರಿಗಳು ಆಗಲೇ ತಮ್ಮ ಕಾಲ ಮೇಲೆ ನಿಂತಿರುವ ಸಂಭವ ಹೆಚ್ಚು.

ಸೆರೆಂಗೆಟಿಯಲ್ಲಿ ದಶಕಗಳ ಕಾಲ ಸಿಂಹಗಳನ್ನು ಅಭ್ಯಾಸ ಮಾಡಿದ ಕ್ರೇಗ್ ಪ್ಯಾಕರ್ ಮತ್ತು ಅವರ ಸಂಗಡಿಗರು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಲೆಕ್ಕವನ್ನು ಮುಂದಿಟ್ಟರು. ವಯಸ್ಸಾದ ಗಂಡನ್ನು ಮಾತ್ರ ಹೊಡೆದರೆ ಸಂತತಿ ಕುಗ್ಗದು ಎಂಬುದು ಅದರ ಸಾರ. ತಾಂಜಾನಿಯ ಈಗ ಆರು ವರ್ಷದ ನಿಯಮವನ್ನು ಒಪ್ಪಿಕೊಂಡಿದೆ. ಹೆಣ್ಣಂತೂ ಪೂರ್ತಿ ನಿಷಿದ್ಧ. ಬೇಟೆಯಾದ ಸಿಂಹದ ತಲೆಬುರುಡೆ, ಹಲ್ಲುಗಳನ್ನು ಪರೀಕ್ಷಿಸಿ ವಯಸ್ಸನ್ನು ತಾಳೆ ನೋಡುತ್ತಾರೆ.

ನಿಯಮ ಕಾಗದದ ಮೇಲಿದ್ದರೆ ಸಾಲದು. ಅದೇ ವಿಜ್ಞಾನಿಗಳು 2011ರಲ್ಲಿ ಇನ್ನೊಂದು ಕಹಿ ಸತ್ಯ ಹೇಳಿದರು. ಹೆಚ್ಚು ಬೇಟೆಯಾಡಿದ ಬ್ಲಾಕುಗಳಲ್ಲೇ ಸಿಂಹಗಳ ಸಂಖ್ಯೆ ಹೆಚ್ಚು ಕುಸಿದಿತ್ತು. ಎರಡು ಸಾವಿರ ಚದರ ಕಿಲೋಮೀಟರಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಹೊಡೆಯಬಾರದೆಂದು ಅವರ ಸಲಹೆ. ನಮ್ಮ ಬೆಂಗಳೂರು ನಗರ ಜಿಲ್ಲೆಯಷ್ಟು ದೊಡ್ಡ ಕಾಡಿಗೆ ಇಡೀ ವರ್ಷಕ್ಕೆ ಒಂದೇ ಸಿಂಹ ಎಂದಾಯಿತು.

ಮಾಳ ಕಾಯುವವರ ಮಾತು

ಇಷ್ಟೆಲ್ಲ ಏಕೆ, ಬೇಟೆಯನ್ನೇ ನಿಲ್ಲಿಸಿದರಾಗದೇ ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಉತ್ತರ ಹೇಳುವ ಮುಂಚೆ ಸಿಂಹದ ನೆರೆಹೊರೆಯವರನ್ನು ಮಾತಾಡಿಸಬೇಕು.

ತಾಂಜಾನಿಯದಲ್ಲಿ 1990ರಿಂದ 2004ರವರೆಗೆ ಸಿಂಹಗಳು ಕೊಂದ ಜನ 563ಕ್ಕೂ ಹೆಚ್ಚು. ಗಾಯಗೊಂಡವರು ಮುನ್ನೂರಕ್ಕೂ ಮೇಲೆ. ಬಹುಪಾಲು ದಕ್ಷಿಣದ ಬಡ ರೈತರು. ಸುಗ್ಗಿಯ ಕಾಲಕ್ಕೆ ಕಾಡುಹಂದಿಗಳು ಹೊಲಕ್ಕೆ ನುಗ್ಗುತ್ತವೆ. ಅವನ್ನು ಓಡಿಸಲು ರೈತ ಹೊಲದಲ್ಲೇ ಮಲಗುತ್ತಾನೆ. ಹಂದಿಯನ್ನು ಹಿಂಬಾಲಿಸಿ ಬಂದ ಸಿಂಹಕ್ಕೆ ಹಂದಿಗಿಂತ ಸುಲಭವಾಗಿ ಸಿಗುವುದು ಮನುಷ್ಯ. ಹಂದಿ, ಆನೆಗಳ ಕಾಟಕ್ಕೆ ಅಟ್ಟಣೆ ಕಟ್ಟಿ ಮಾಳ ಕಾಯುವ ನಮ್ಮ ಮಲೆನಾಡಿನ, ಹಾಸನ-ಕೊಡಗಿನ ರೈತರಿಗೆ ಈ ರಾತ್ರಿಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರದ ಮಾಸಾಯಿ ಜನರ ಪಾಡು ಬೇರೆ. ಅವರಿಗೆ ದನವೇ ಬದುಕು. ಹಿಂದೆ ಅವರ ಯುವಕರು ಈಟಿ ಹಿಡಿದು ಸಿಂಹವನ್ನು ಎದುರಿಸಿ ಗಂಡಸುತನ ಮೆರೆಯುತ್ತಿದ್ದರು. ಬೇಲೂರು, ಹಳೇಬೀಡಿನ ಗುಡಿಗಳಲ್ಲಿ ಸಳನ ಶಿಲ್ಪ ನೋಡಿದ ನಮಗೆ ಆ ಚಿತ್ರ ಅಪರಿಚಿತವಲ್ಲ. (ಕಥೆಯಲ್ಲಿ ಹುಲಿ, ಶಿಲ್ಪದಲ್ಲಿ ಸಿಂಹ, ಆ ಚರ್ಚೆ ಇನ್ನೊಮ್ಮೆ.) ಆದರೆ ಈಟಿಗಿಂತ ಭಯಂಕರವಾದ ಅಸ್ತ್ರ ಈಗ ಅಂಗಡಿಯಲ್ಲೇ ಸಿಗುತ್ತದೆ. ಸಿಂಹ ಕೊಂದ ಹಸುವಿನ ಮೇಲೆ ಒಂದು ಹಿಡಿ ಕೀಟನಾಶಕ ಎರಚಿದರೆ ಸಿಂಹಗಳ ಇಡೀ ಗುಂಪೇ, ಜೊತೆಗೆ ರಣಹದ್ದುಗಳೂ, ಬೆಳಗಾಗುವುದರೊಳಗೆ ಇಲ್ಲವಾಗುತ್ತವೆ. ಅದಕ್ಕೆ ಪರವಾನಗಿಯ ಲೆಕ್ಕವೂ ಇಲ್ಲ, ಮೂಗು ನೋಡುವವರೂ ಇಲ್ಲ.

ಬೇಟೆಯ ಪರವಾಗಿ ಮಾತಾಡುವವರ ವಾದ ಇಲ್ಲಿಂದ ಹುಟ್ಟುತ್ತದೆ. ಒಂದು ಮುದಿ ಸಿಂಹಕ್ಕೆ ವಿದೇಶಿಯೊಬ್ಬ ಲಕ್ಷಗಟ್ಟಲೆ ಕೊಡುತ್ತಾನೆ. ಆ ಹಣದಲ್ಲಿ ಕಾವಲುಗಾರರ ಸಂಬಳ, ಹಳ್ಳಿಗೆ ಶಾಲೆ, ಕೊಳವೆಬಾವಿ ಆದರೆ ಹಳ್ಳಿಯವರು ಉಳಿದ ಸಿಂಹಗಳನ್ನು ಸಹಿಸಿಕೊಳ್ಳುತ್ತಾರೆ. ಪ್ರವಾಸಿಗಳ ಜೀಪು ಎಂದೂ ಹೋಗದ, ನೊಣ ತುಂಬಿದ ಕಾಡಿಗೆ ಬೇರೆ ಆದಾಯವಾದರೂ ಎಲ್ಲಿಂದ ಬರಬೇಕು? ವಾದದಲ್ಲಿ ಹುರುಳಿದೆ. ಆದರೆ ಹಣ ನಿಜವಾಗಿ ಹಳ್ಳಿ ತಲುಪುತ್ತದೆಯೇ ಎಂಬಲ್ಲಿ ಅದು ಎಡವುತ್ತದೆ. ಸೆರೆಂಗೆಟಿಯ ಮಗ್ಗುಲಲ್ಲಿರುವ ಲೊಲಿಯೊಂಡೊದಲ್ಲಿ 1992ರಿಂದ ಅರಬ್ ಸಂಸ್ಥಾನದ ಕಂಪನಿಯೊಂದಕ್ಕೆ ಬೇಟೆಯ ಹಕ್ಕು ಸಿಕ್ಕಿತು. 2022ರ ಜೂನ್‌ನಲ್ಲಿ ಅಲ್ಲಿನ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಸರ್ಕಾರ ಗಡಿಕಲ್ಲು ನೆಟ್ಟಾಗ ಪೊಲೀಸರಿಗೂ ಮಾಸಾಯಿಗಳಿಗೂ ಘರ್ಷಣೆಯಾಗಿ, ಅನೇಕರು ಗಾಯಗೊಂಡು ಕೀನ್ಯದ ಕಡೆಗೆ ಓಡಿದರು. ಸಿಂಹದ ಹೆಸರಿನಲ್ಲಿ ಹುಲ್ಲುಗಾವಲು ಕಳೆದುಕೊಂಡವನು ಸಿಂಹವನ್ನು ಪ್ರೀತಿಸುವುದು ಹೇಗೆ?

ಸೆಸಿಲ್ ಸತ್ತ ಮೇಲೆ

2015ರ ಜುಲೈಯಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಹೊರಗೆ ಅಮೆರಿಕದ ದಂತವೈದ್ಯನೊಬ್ಬ ಬಿಲ್ಲಿನಿಂದ ಒಂದು ಸಿಂಹವನ್ನು ಹೊಡೆದ. ಹದಿಮೂರು ವರ್ಷದ ಆ ಸಿಂಹಕ್ಕೆ ಸೆಸಿಲ್ ಎಂದು ಹೆಸರು. ಆಕ್ಸ್‌ಫರ್ಡ್ ವಿಜ್ಞಾನಿಗಳು ಅದರ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ್ದರು. ಲೋಕವೆಲ್ಲ ಕೆರಳಿತು. ಹಲವು ವಿಮಾನ ಸಂಸ್ಥೆಗಳು ಸಿಂಹದ ತಲೆ, ತೊಗಲು ಸಾಗಿಸಲು ನಿರಾಕರಿಸಿದವು. ಫ್ರಾನ್ಸ್ ಅವುಗಳ ಆಮದನ್ನು ನಿಲ್ಲಿಸಿತು. ಅಮೆರಿಕ ನಿಯಮ ಬಿಗಿಗೊಳಿಸಿತು. ಇಂದಿನ ಬೇಟೆಗಾರನ ಪಟ್ಟಿಯಲ್ಲಿ ಉಪ್ಪಿನ ಮೂಟೆಗಿಂತ ಕಾಗದಪತ್ರಗಳ ಕಂತೆಯೇ ಭಾರ.

ತಾಂಜಾನಿಯದಲ್ಲಿ ಇದರಿಂದ ಇನ್ನೊಂದು ಚಿಂತೆ ಹುಟ್ಟಿದೆ. ಆದಾಯ ಸಾಲದೆ ಅನೇಕ ಬ್ಲಾಕುಗಳನ್ನು ಕಂಪನಿಗಳು ಸರ್ಕಾರಕ್ಕೆ ಹಿಂತಿರುಗಿಸಿವೆ. ಕಾವಲಿಲ್ಲದ ಕಾಡಿಗೆ ಮೊದಲು ಬರುವುದು ಉರುಳು ಹಾಕುವವರು, ಮರ ಸುಟ್ಟು ಇದ್ದಿಲು ಮಾಡುವವರು. ದಕ್ಷಿಣ ಆಫ್ರಿಕದಲ್ಲಿ ಮತ್ತೊಂದು ಬಗೆ. ಬೇಲಿಯೊಳಗೆ ಕೋಳಿ ಸಾಕಿದಂತೆ ಸಿಂಹಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸಾಕಿ, ಹಣ ಕೊಟ್ಟವರ ಮುಂದೆ ಬಿಡುವ ದಂಧೆ ಬೆಳೆಯಿತು. ಅದನ್ನು ಕೊನೆಗಾಣಿಸುವುದಾಗಿ ಅಲ್ಲಿನ ಸರ್ಕಾರ 2021ರಲ್ಲಿ ಘೋಷಿಸಿದೆ. ಇದನ್ನು ಬೇಟೆಯೆಂದು ಕರೆಯಲು ಹಳೆಯ ಬೇಟೆಗಾರರೇ ನಾಚುತ್ತಾರೆ.

ಆಫ್ರಿಕದ ಕಾಡುಗಳಲ್ಲಿ ಇಂದು ಉಳಿದಿರುವ ಸಿಂಹಗಳು ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ಸಾವಿರ. ನಮ್ಮ ಗಿರ್ ಸೀಮೆಯಲ್ಲಿ ಒಂದು ಗುಂಡೂ ಹಾರಿಸದೆ 2025ರ ಗಣತಿಯಲ್ಲಿ 891 ಸಿಂಹಗಳು ಸಿಕ್ಕವು. ಬೇಟೆಯಿಲ್ಲದೆಯೂ ಸಿಂಹ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅಲ್ಲಿ ಅದರ ಬೆಲೆಯನ್ನು ಸರ್ಕಾರ ಮತ್ತು ಎಮ್ಮೆ ಕಾಯುವ ಮಾಲ್ಧಾರಿಗಳು ಪ್ರತಿದಿನ ತೆರುತ್ತಿದ್ದಾರೆ. ಕೀನ್ಯದ ಅಂಬೊಸೆಲಿ ಸೀಮೆಯಲ್ಲಿ 2007ರಿಂದ ಮಾಸಾಯಿ ಯುವಕರೇ ಸಂಬಳಕ್ಕೆ ಸಿಂಹಗಳ ಹೆಜ್ಜೆ ಹಿಡಿದು, ದನಗಾಹಿಗಳಿಗೆ ಎಚ್ಚರಿಕೆ ಕೊಡುವ ಕೆಲಸ ಮಾಡುತ್ತಿದ್ದಾರೆ. ಈಟಿ ಹಿಡಿಯುತ್ತಿದ್ದ ಕೈಗೆ ಅದೇ ಹೆಜ್ಜೆ ಓದುವ ವಿದ್ಯೆಯಿಂದಲೇ ಅನ್ನ.

ಶಾಲೆ ಕಾಲೇಜುಗಳ ಚರ್ಚಾಸ್ಪರ್ಧೆಗೆ ‘ಬೇಟೆಯಿಂದ ವನ್ಯಜೀವಿ ಉಳಿದೀತೇ?’ ಎಂಬ ವಿಷಯ ಆಗಾಗ ಬರುತ್ತದೆ. ಮಕ್ಕಳು ಪರ ಅಥವಾ ವಿರೋಧ, ಯಾವ ಕಡೆ ನಿಂತರೂ ಅಡ್ಡಿಯಿಲ್ಲ. ಎರಡು ಪ್ರಶ್ನೆಗಳನ್ನು ಮಾತ್ರ ಬಿಡದೆ ಕೇಳಲಿ: ಆ ಸಿಂಹಕ್ಕೆ ವಯಸ್ಸೆಷ್ಟು? ಆ ಹಣ ಯಾರ ಮನೆ ಸೇರಿತು? ಹೆತ್ತವರಿಗೆ ಒಂದು ಸೂಚನೆ. ಮುಂದಿನ ರಜೆಯಲ್ಲಿ ಬನ್ನೇರುಘಟ್ಟಕ್ಕೋ ಮೈಸೂರು ಮೃಗಾಲಯಕ್ಕೋ ಹೋದಾಗ, ಸಿಂಹದ ಮೂಗನ್ನು ದುರ್ಬೀನಿನಲ್ಲಿ ಮಕ್ಕಳಿಗೆ ತೋರಿಸಿ ವಯಸ್ಸು ಅಂದಾಜು ಮಾಡಲು ಹೇಳಿ. ಅಂಥದೊಂದು ಮೂಗನ್ನು ಓದಲು ರುಂಗ್ವಾದ ಹುಲ್ಲಿನ ಮರೆಯಲ್ಲಿ ಬೇಟೆಗಾರನೊಬ್ಬ ಇಪ್ಪತ್ತನೆಯ ದಿನ ಕುಳಿತಿರುತ್ತಾನೆ. ಎದುರಿಗೆ ಬಂದದ್ದು ಗುಲಾಬಿ ಮೂಗಿನ ಎಳೆಯ ಗಂಡು. ಅರ್ಧ ಲಕ್ಷ ಡಾಲರ್ ಆಗಲೇ ಖರ್ಚಾಗಿದೆ. ಪರವಾನಗಿಯಲ್ಲಿ ಉಳಿದದ್ದು ಒಂದೇ ದಿನ. ಆ ಹೊತ್ತಿನಲ್ಲಿ ಅವನು ದುರ್ಬೀನು ಇಳಿಸಿ, ಖಾಲಿ ಕೈಯಲ್ಲಿ ಡೇರೆಗೆ ನಡೆದರೆ ಅವನ ಸಿದ್ಧತೆ ಸರಿಯಾಗಿತ್ತು ಎಂದು ತಿಳಿಯಬೇಕು.